ಹಳೆಯ ಖಡ್ಗಕ್ಕೆ ಹೊಸ ಹೊಳಪು ಬೇಕೆ?

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಇವುಗಳನ್ನು ಕೂಡಿಡುವ ಹವ್ಯಾಸಿಗಳನ್ನು ನಾವೆಲ್ಲ ಕಂಡಿದ್ದೇವೆ. ಈಗ ನಮ್ಮ ಯುವಕರಲ್ಲಿ ಕೆಲವರಿಗೆ ಇನ್ನೊಂದು ಹವ್ಯಾಸ ಹತ್ತಿದೆ. ಚಾರಿತ್ರಿಕ ಖಡ್ಗಗಳ ಪ್ರತಿಕೃತಿಗಳನ್ನು ತರಿಸಿಕೊಂಡು, ಅವುಗಳ ಹಿಡಿ ಬದಲಿಸಿ, ಒರೆ ಹೊಲಿದು, ತುಕ್ಕು ತೆಗೆದು ತಮಗೆ ಬೇಕಾದಂತೆ ಸಿದ್ಧಪಡಿಸುವ ಹವ್ಯಾಸವಿದು. "ಓದುವ ಹುಡುಗರಿಗೆ ಕತ್ತಿ ಏಕೆ?" ಎಂದು ಹಿರಿಯರು ಮುಖ ಸಿಂಡರಿಸುವುದುಂಟು. ಈ ಹವ್ಯಾಸದಿಂದ ನಾವು ಕಲಿಯತಕ್ಕದ್ದು ಬಹಳಷ್ಟಿದೆ, ಅದನ್ನು ಕಲಿಯದೆ ನಮ್ಮ ಮನೆಗಳಲ್ಲೇ ಒಂದು ನಷ್ಟ ಸದ್ದಿಲ್ಲದೆ ನಡೆಯುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಪ್ರತಿಕೃತಿ ಎಂದರೇನು ನೋಡೋಣ. ನಮ್ಮ ದೇಶದಲ್ಲೇ ಡೆಹ್ರಾಡೂನಿನ ವಿಂಡ್ಲಾಸ್ ಕಾರ್ಖಾನೆ 1943ರಿಂದ ಕುಕ್ರಿ, ಖಡ್ಗಗಳನ್ನು ಮಾಡುತ್ತ ಬಂದಿದೆ. ಅಲ್ಲಿಂದ ಹೋಗುವ ಪ್ರತಿಕೃತಿಗಳು ಯುರೋಪು, ಅಮೆರಿಕಗಳ ಹವ್ಯಾಸಿಗಳ ಕೈ ಸೇರುತ್ತವೆ. ಒಳ್ಳೆಯ ಪ್ರತಿಕೃತಿಗೆ ಸ್ಪ್ರಿಂಗಿಗೆ ಬಳಸುವಂಥ ಉಕ್ಕು ಬೇಕು. ನಮ್ಮ ಊರ ಆಚಾರಿಗಳು ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಕತ್ತಿ ಬಡಿಯುವುದೂ ಇದೇ ಕಾರಣಕ್ಕೆ. ಗೋಡೆಗೆ ತೂಗಹಾಕುವ ಅಗ್ಗದ ಸ್ಟೇನ್‌ಲೆಸ್ ಖಡ್ಗಗಳದು ಬೇರೆ ಜಾತಿ. ಅವುಗಳ ಹಿಡಿಯೊಳಗೆ ಸೇರುವ ಅಲಗಿನ ಬಾಲ ಹೆಚ್ಚಾಗಿ ಬೆರಳಿಗಿಂತ ತೆಳು. ಜೋರಾಗಿ ಬೀಸಿದರೆ ಅಲಗೇ ಕಳಚಿ ಹಾರೀತು. ಹವ್ಯಾಸಿಯು ಮೊದಲು ಕಲಿಯುವ ಪಾಠ ಈ ಬಾಲವನ್ನು ಪರೀಕ್ಷಿಸುವುದು. ಎರಡನೆಯದು, ನಮ್ಮ ತಲವಾರಿನ ಲೋಹದ ಹಿಡಿಯೊಳಗೆ ಅಲಗನ್ನು ಅರಗು ತುಂಬಿ ಕೂರಿಸುತ್ತಿದ್ದರು ಎಂಬುದು. ಹಿಡಿಗೆ ಹದವಾಗಿ ಬಿಸಿ ತಗಲಿಸಿದರೆ ಅರಗು ಕರಗಿ ಹಿಡಿ ಬಿಡುತ್ತದೆ. ಸುತ್ತಿಗೆಯಿಂದ ಬಡಿದರೆ ಹಿಡಿಯೇ ಬಿರಿಯುತ್ತದೆ. ಮೂರನೆಯ ಪಾಠವೇ ಮುಖ್ಯ: ಪ್ರತಿಕೃತಿಯ ಮೇಲೆ ಏನು ಬೇಕಾದರೂ ಪ್ರಯೋಗ ಮಾಡು, ಅಸಲಿನ ಮೇಲೆ ಕೈಮಾಡಬೇಡ.

ನಾವು ಮಾಡುತ್ತಿರುವುದು ಇದರ ತದ್ವಿರುದ್ಧ. ಗುತ್ತಿನ ಮನೆಗಳಲ್ಲಿ, ದೈವಸ್ಥಾನಗಳಲ್ಲಿ ತಲೆತಲಾಂತರದಿಂದ ಬಂದ ಕಡ್ಸಲೆಗಳಿವೆ. ನೆರೆಯ ಮಲಯಾಳಿ ತರವಾಡುಗಳಲ್ಲಿ, ಕಾವುಗಳಲ್ಲಿ ತೆಯ್ಯದ ವಾಳುಗಳಿವೆ. ನೇಮ ಬಂತು, ಆಯುಧಪೂಜೆ ಬಂತು, ಬ್ರಹ್ಮಕಲಶ ಬಂತು ಎನ್ನುವಾಗ ಅವುಗಳನ್ನು ಹೊರತೆಗೆದು ಮರಳುಕಾಗದದಿಂದ ತಿಕ್ಕುವುದು, ವರ್ಕ್‌ಶಾಪಿಗೆ ಒಯ್ದು ಗ್ರೈಂಡರ್ ಹಿಡಿಸುವುದು, ಕನ್ನಡಿಯಂತೆ ಹೊಳೆಯಲೆಂದು ನಿಕ್ಕಲ್ ಬಳಿಸುವುದು ನಡೆದೇ ಇದೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಹೋದರೆ ಹೋದದ್ದೇನು ಎಂದು ಕೇಳಬಹುದು. ಉತ್ತರಕ್ಕೆ ತಮಿಳುನಾಡಿನ ಸೇಲಂ ಸೀಮೆಯವರೆಗೆ ಹೋಗಬೇಕು. ಸೇಲಂನಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿ ತಾರಮಂಗಲಂ ಎಂಬ ಊರಿದೆ. ಗಟ್ಟಿ ಮುದಲಿಯಾರರು ಕಟ್ಟಿಸಿದ ಕೈಲಾಸನಾಥ ದೇವಾಲಯ ಅಲ್ಲಿಯದು. 17ನೇ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರೊಡನೆ ಕಾದಾಡಿದ ಪಾಳೆಯಗಾರರು ಇವರೇ. ದೇವಾಲಯದ ಮಂಟಪದ ಕಂಬಗಳಲ್ಲಿ ಯಾಳಿಗಳೂ ಕುದುರೆ ಏರಿದ ವೀರರೂ ಇದ್ದಾರೆ. ಆ ಕಾಲದ ಯೋಧನ ನಿಲುವು, ಆಯುಧದ ಆಕಾರ ತಿಳಿಯಬೇಕಾದವರಿಗೆ ಇಂಥ ಕಂಬಗಳೇ ಪಾಠಪುಸ್ತಕ. ಆದರೆ ಕಲ್ಲು ಆಕಾರವನ್ನಷ್ಟೇ ಹೇಳೀತು. ಉಕ್ಕಿನ ಗುಣವನ್ನು ಹೇಳಲು ಉಕ್ಕೇ ಬೇಕು.

ಆ ಉಕ್ಕಿನ ಮೂಲವೂ ದೂರವಿಲ್ಲ. ತಾರಮಂಗಲಂ ಮತ್ತು ಸೇಲಂ ನಗರದ ನಡುವಣ ಸೀಮೆಯಲ್ಲಿ ಕಂಜಮಲೆ ಎಂಬ ಕಬ್ಬಿಣದ ಅದಿರಿನ ಬೆಟ್ಟವಿದೆ. ಸೇಲಂ ಸೀಮೆಯವರು ಉಕ್ಕು ಮಾಡುತ್ತಿದ್ದ ಕ್ರಮವನ್ನು 1830ರಲ್ಲಿ ಪರಂಗಿಪೇಟೆಯಲ್ಲಿ ಕಬ್ಬಿಣದ ಕಾರ್ಖಾನೆ ಹೂಡಿದ ಹೀತ್ ಎಂಬ ಆಂಗ್ಲನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡುಗಳನ್ನೂ ತಂಗಡಿ ಗಿಡದ ಒಣ ಕಟ್ಟಿಗೆಯ ಚೂರುಗಳನ್ನೂ ಇಟ್ಟು, ಮೇಲೆ ಎಕ್ಕದ ಹಸಿರೆಲೆ ಮುಚ್ಚಿ, ಬಾಯಿಗೆ ಮಣ್ಣು ಮೆತ್ತಿ, ಇಪ್ಪತ್ತಕ್ಕೂ ಹೆಚ್ಚು ಮೂಸೆಗಳನ್ನು ಕುಲುಮೆಯಲ್ಲಿ ಜೋಡಿಸಿ ಸುಮಾರು ಎರಡೂವರೆ ಗಂಟೆ ತಿದಿ ಊದುತ್ತಿದ್ದರು. ಇದೇ ಬಗೆಯ ದಕ್ಷಿಣದ ಉಕ್ಕಿನ ಮಾದರಿಗಳು 1794ರಲ್ಲಿ ಮುಂಬಯಿಯಿಂದ ಲಂಡನಿನ ರಾಯಲ್ ಸೊಸೈಟಿಗೆ ಹೋದವು. ಅಲ್ಲಿನವರು ಅದನ್ನು 'ವೂಟ್ಜ್' ಎಂದರು. ನಮ್ಮ 'ಉಕ್ಕು' ಎಂಬ ಮಾತೇ ಬಾಯಿಂದ ಬಾಯಿಗೆ ಬಿದ್ದು ಹಾಗಾಯಿತೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಕನ್ನಡಕ್ಕೂ ತೆಲುಗಿಗೂ ಸೇರಿದ ಒಂದು ಪುಟ್ಟ ಪದ ಲೋಹಶಾಸ್ತ್ರದ ಗ್ರಂಥಗಳಲ್ಲಿ ಇಂದಿಗೂ ನೆಲೆನಿಂತಿದೆ!

ಈ ಉಕ್ಕಿನಿಂದ ಮಾಡಿದ ಅಲಗಿನ ಮೇಲೆ ನೀರಿನ ಅಲೆಗಳಂಥ ಗೆರೆಗಳು ಕಾಣುತ್ತವೆ. ಅದರ ರಹಸ್ಯ ತಿಳಿಯಲು ವಿಜ್ಞಾನಿ ಫ್ಯಾರಡೆಯೇ 1819ರಿಂದ ಕೆಲವು ವರ್ಷ ತಲೆ ಕೆಡಿಸಿಕೊಂಡ. ಮರ್ಮ ಬಹುಪಾಲು ಬಿಡಿಸಿದ್ದು 1990ರ ದಶಕದಲ್ಲಿ. ವೆರ್‌ಹೋವೆನ್ ಎಂಬ ಅಮೆರಿಕದ ಲೋಹವಿಜ್ಞಾನಿಯೂ ಪೆಂಡ್ರೆ ಎಂಬ ಕಮ್ಮಾರನೂ ಕೂಡಿ ಅಂಥ ಅಲಗುಗಳನ್ನು ಹೊಸದಾಗಿ ಬಡಿದು ನೋಡಿದರು. ಅದಿರಿನಲ್ಲಿದ್ದ ವೆನೇಡಿಯಂನಂಥ ಧಾತುಗಳ ಅತ್ಯಲ್ಪ ಅಂಶವೇ ಆ ಗೆರೆಗಳಿಗೆ ಕಾರಣವೆಂದು ತೋರಿಸಿದರು. ಹೋಲಿಸಿ ನೋಡಲು ಅವರಿಗೆ ಹಳೆಯ ಖಡ್ಗದ ತುಂಡುಗಳು ಸಿಕ್ಕಿದ್ದು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ. ಗಮನಿಸಿ, ಹೊಸದಾಗಿ ಬಡಿಯುವ ಕೈ ಒಂದು ಕಡೆ, ಹಳೆಯದನ್ನು ಹಾಗೆಯೇ ಉಳಿಸಿದ ಕಪಾಟು ಇನ್ನೊಂದು ಕಡೆ. ಎರಡೂ ಇದ್ದುದರಿಂದ ಮರೆತ ವಿದ್ಯೆ ಮರಳಿತು.

ನಮ್ಮ ಮನೆಯ ಕತ್ತಿಗಳೆಲ್ಲ ಆ ಉಕ್ಕಿನವೇ ಎಂದು ನಾನು ಹೇಳುತ್ತಿಲ್ಲ. ಯಾವುದು ಹೌದು, ಯಾವುದು ಅಲ್ಲ ಎಂದು ತಿಳಿಯುವ ಮೊದಲೇ ಗ್ರೈಂಡರ್ ಹಿಡಿದರೆ ತಿಳಿಯುವ ದಾರಿಯೇ ಮುಚ್ಚುತ್ತದೆ. ಮೇಲೆ ಕೆತ್ತಿದ ಅಕ್ಷರ, ಬೆಳ್ಳಿಯ ಎಳೆ, ಮಾಡಿದವನ ಗುರುತು ಎಲ್ಲವೂ ಸವೆದುಹೋಗುತ್ತವೆ. ಸೊಟ್ಟ ತಿದ್ದಲೆಂದು ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಉಕ್ಕಿನ ಒಳಗಿನ ಗೆರೆಗಳೂ ಅಳಿದುಹೋಗಬಹುದು.

"ದೈವದ ಆಯುಧ ಮಾಸಿರಬಾರದು, ಮುಕ್ಕಾಗಿರಬಾರದು" ಎನ್ನುವವರಿದ್ದಾರೆ. ಈ ಮಾತಿಗೆ ನನ್ನ ಗೌರವವಿದೆ. ಸಂಪ್ರದಾಯ ಹೊಸ ಆಯುಧವನ್ನು ಬೇಡಿದರೆ ಹೊಸದನ್ನೇ ಮಾಡಿಸೋಣ. ಹಳೆಯದರ ಅಳತೆ, ತೂಕ ತೆಗೆದು ಅದರಂತೆಯೇ ಪ್ರತಿಕೃತಿ ಮಾಡಬಲ್ಲ ಆಚಾರಿಗಳು ನಮ್ಮಲ್ಲಿದ್ದಾರೆ. ಹಳೆಯದನ್ನು ಮಾತ್ರ ಕರಗಿಸಬಾರದು, ಗುಜರಿಗೆ ಹಾಕಬಾರದು. ತಂತ್ರಿಗಳನ್ನೂ ಮನೆಯ ಹಿರಿಯರನ್ನೂ ಕೇಳಿಕೊಂಡು ಭಂಡಾರದಲ್ಲಿಯೇ ಜೋಪಾನವಾಗಿ ಇಡಬಹುದಲ್ಲವೆ?

ಜೋಪಾನಕ್ಕೆ ದೊಡ್ಡ ಖರ್ಚಿಲ್ಲ. ಹಿತ್ತಾಳೆಯ ದೀಪಕ್ಕೆ ಹುಣಸೆಹುಳಿ ಸರಿ, ಉಕ್ಕಿಗೆ ಅದು ಶತ್ರು. ಪೂಜೆಯ ನೀರು, ಎಳನೀರು, ಕುಂಕುಮದ ಒದ್ದೆ ಅಲಗಿನ ಮೇಲೆ ಉಳಿಯಗೊಡದೆ ಅದೇ ದಿನ ಒರಸಿ, ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಮೆತ್ತನೆಯ ಬಟ್ಟೆಯಿಂದ ಸವರಬೇಕು. ಪುಡಿಪುಡಿಯಾಗುವ ಕೆಂಪು ತುಕ್ಕನ್ನು ಎಣ್ಣೆ ಹಚ್ಚಿ ನಿಧಾನವಾಗಿ ಎಬ್ಬಿಸಬೇಕು. ಗಟ್ಟಿಯಾಗಿ ಕೂತ ಕಂದುಬಣ್ಣವನ್ನು ಮುಟ್ಟಬಾರದು. ನಮ್ಮದು ಕಡಲ ಗಾಳಿಯ ಊರು. ಚರ್ಮದ ಒರೆ ತೇವ ಹೀರುವುದರಿಂದ ಮಳೆಗಾಲದಲ್ಲಿ ಅಲಗನ್ನು ಒರೆಯಿಂದ ಹೊರಗಿಡುವುದು ಲೇಸು.

ಹವ್ಯಾಸಿ ಯುವಕರಿಗೂ ಒಂದು ಮಾತು. ಮೊಂಡು ಪ್ರತಿಕೃತಿ ಆಟದ ವಸ್ತುವಾಗಿರಬಹುದು, ಸಾಣೆ ಹಿಡಿದೊಡನೆ ಅದು ಆಯುಧ. 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಅದರಡಿಯ 2016ರ ನಿಯಮಗಳೂ ಖಡ್ಗವನ್ನು ಆಯುಧಗಳ ಪಟ್ಟಿಯಲ್ಲೇ ಇರಿಸಿವೆ. ಬೀದಿಯಲ್ಲಿ, ಮೆರವಣಿಗೆಯಲ್ಲಿ ಝಳಪಿಸುವುದಕ್ಕೆ ಹವ್ಯಾಸವೆಂಬ ಹೆಸರು ಸಲ್ಲದು. ನೂರು ವರ್ಷ ದಾಟಿದ ಇಂಥ ವಸ್ತುವನ್ನು 1972ರ ಕಾಯ್ದೆ ಪುರಾವಸ್ತುವೆಂದು ಎಣಿಸಬಹುದು. ಅದನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ. ಬೆಲೆ ಕಟ್ಟಲು ಬರುವ ದಲ್ಲಾಳಿಗಳ ಮುಂದೆ ಮನೆಯವರು ಇದನ್ನು ನೆನಪಿಡಬೇಕು.

ಕಂಜಮಲೆಯ ಬುಡದಲ್ಲಿ 1981ರಿಂದ ಸೇಲಂ ಉಕ್ಕು ಕಾರ್ಖಾನೆ ಸ್ಟೇನ್‌ಲೆಸ್ ತಗಡು ತಯಾರಿಸುತ್ತಿದೆ. ಹೊಳೆಯುವ ಉಕ್ಕಿಗೆ ಈಗ ಕೊರತೆಯಿಲ್ಲ. ಕೊರತೆಯಿರುವುದು ಮಾಸಿದ ಹಳೆಯ ಉಕ್ಕಿಗೆ. ಮುಂದಿನ ನೇಮಕ್ಕೆ, ಮುಂದಿನ ಆಯುಧಪೂಜೆಗೆ ಕತ್ತಿಯನ್ನು ಹೊರತೆಗೆಯುವಾಗ ಒಂದು ಕೆಲಸ ಮಾಡಿ. ವರ್ಕ್‌ಶಾಪಿಗೆ ಕಳುಹಿಸುವ ಬದಲು ಅದರ ಫೋಟೋ ತೆಗೆಸಿ, ಅಳತೆ ಬರೆದಿಡಿ, ಅದು ಯಾರ ಕಾಲದ್ದೆಂದು ಮನೆಯ ಅಜ್ಜಂದಿರನ್ನು ಕೇಳಿ ಕನ್ನಡದಲ್ಲಿ ನಾಲ್ಕು ಸಾಲು ದಾಖಲಿಸಿ. ಆ ಬಳಿಕ ತೆಳ್ಳಗೆ ಎಣ್ಣೆ ಸವರಿ ಪೂಜೆಗಿಡಿ. ಪೂಜೆಗೆ ಅಷ್ಟು ಶುಚಿ ಸಾಕು.