ಗಲ್ಲಾದ ಬಳಿಯಿಂದ: ನೆಲದೊಳಗಿನ ಕಾಸು ಯಾರದು?



ಈ ಸಲ ರಜೆಗೆ ಬೆಂಗಳೂರಿನಿಂದ ಧರ್ಮಪುರಿಗೆ ಬಂದ ನನ್ನ ಮೊಮ್ಮಗ ಒಂದು ಹೊಸ ಸಾಮಾನು ತಂದಿದ್ದ. ಊರುಗೋಲಿನಂಥ ಒಂದು ಕೊಳವೆ, ಅದರ ತುದಿಗೆ ದೋಸೆಕಲ್ಲಿನಷ್ಟು ಅಗಲದ ತಟ್ಟೆ. ಮೆಟಲ್ ಡಿಟೆಕ್ಟರ್ ಎಂದ. ತಟ್ಟೆಯೊಳಗೆ ತಂತಿಯ ಸುರುಳಿ ಇರುತ್ತದೆ. ಬ್ಯಾಟರಿಯ ವಿದ್ಯುತ್ತು ಹರಿದಾಗ ಸುರುಳಿಯ ಸುತ್ತ ಕಾಂತಕ್ಷೇತ್ರ ಉಂಟಾಗುತ್ತದೆ. ಹತ್ತಿರದಲ್ಲಿ ಲೋಹವಿದ್ದರೆ ಆ ಕ್ಷೇತ್ರದಲ್ಲಿ ವ್ಯತ್ಯಾಸವಾಗಿ ಯಂತ್ರ ಕೂಗುತ್ತದೆ. ಸಣ್ಣ ನಾಣ್ಯವಾದರೆ ಒಂದು ಗೇಣು ಆಳದವರೆಗೆ ತಿಳಿದರೆ ಹೆಚ್ಚು. ಕೂಗುವುದಷ್ಟೇ ಅದರ ಕೆಲಸ. ಚಿನ್ನವೋ ತಗಡೋ ಎಂಬುದನ್ನು ಅಗೆದೇ ನೋಡಬೇಕು.

ಮಾರನೆಯ ಬೆಳಿಗ್ಗೆ ಉದ್ಯಾನಕ್ಕೆ ಹೋಗಿ, ಅಲ್ಲಿನ ಮಾಲಿಗೆ ಒಂದು ಮಾತು ಹೇಳಿ ಹುಡುಕಲು ತೊಡಗಿದೆವು. ಒಂದು ಗಂಟೆಯಲ್ಲಿ ಸಿಕ್ಕಿದ್ದು ಸೋಡಾ ಬಾಟಲಿಯ ಮುಚ್ಚಳಗಳು, ತುಕ್ಕು ಹಿಡಿದ ಮೊಳೆಗಳು, ಒಂದು ಬೀಗದ ಕೈ, ಎರಡು ಐವತ್ತು ಪೈಸೆ. ಇನ್ನು ಸಾಕು ಎನ್ನುವಷ್ಟರಲ್ಲಿ ಬೇವಿನ ಮರದ ಬುಡದಲ್ಲಿ ಯಂತ್ರ ಮತ್ತೆ ಕೂಗಿತು. ನಾಲ್ಕು ಬೆರಳು ಆಳದಲ್ಲಿ ಹಸಿರುಗಟ್ಟಿದ ಒಂದು ತಾಮ್ರದ ಬಿಲ್ಲೆ ಇತ್ತು.

ನಾನು ಪಾತ್ರೆ ವ್ಯಾಪಾರಿ. ತಾಮ್ರ ಕಂಡರೆ ಕೈ ಹುಣಸೆಹಣ್ಣಿನ ಕಡೆಗೇ ಹೋಗುತ್ತದೆ. ಆದರೆ ಹಳೆಯ ನಾಣ್ಯವನ್ನು ಹಾಗೆ ಉಜ್ಜಿದರೆ ಅಕ್ಷರ ಹಾಳಾಗುತ್ತದೆ. ಬರೀ ನೀರಿನಲ್ಲಿ ತೊಳೆದೆವು. ಒಂದು ಮುಖದಲ್ಲಿ ಆನೆ ಕಂಡಿತು, ಇನ್ನೊಂದು ಮುಖದಲ್ಲಿ ಸವೆದ ಪಾರಸಿ ಅಕ್ಷರ. ಟಿಪ್ಪು ಸುಲ್ತಾನನ ಕಾಲದ ಆನೆ ಕಾಸು. ನಮ್ಮ ಬಾರಾಮಹಲ್ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಸೇಲಂ ಜೊತೆಗೆ ಕಂಪನಿ ಸರ್ಕಾರದ ಪಾಲಾಯಿತು. ಅಂದು ಯಾರ ಸೊಂಟದ ಚೀಲದಿಂದ ಜಾರಿತೋ ಈ ಕಾಸು!

ಮೊಮ್ಮಗ ಕುಣಿದಾಡಿದ. ಮನೆಯಾಕೆ ಮಾತ್ರ ಎರಡು ಪ್ರಶ್ನೆ ಕೇಳಿದಳು. "ನೆಲ ಅಗೆಯುವಾಗ ಎರೆಹುಳು, ಇರುವೆ ಎಷ್ಟು ಸತ್ತವು ನೋಡಿದಿರಾ? ಅದಿರಲಿ, ಇದು ನಮ್ಮದು ಹೇಗಾಯಿತು?" ಪ್ರಯೋಜನವಿಲ್ಲದೆ ಭೂಮಿ ಅಗೆಯುವುದನ್ನು ನಮ್ಮ ಆಚಾರ್ಯರು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯದು ನನ್ನನ್ನು ಮೂವತ್ತು ವರ್ಷಕ್ಕೂ ಹಿಂದಕ್ಕೆ ಎಳೆದುಕೊಂಡು ಹೋಯಿತು.

ಸೇಲಂ ಜಿಲ್ಲೆಯ ಕೋನೇರಿಪಟ್ಟಿಯಲ್ಲಿ ರೋಮ್ ದೇಶದ ಬೆಳ್ಳಿ ನಾಣ್ಯಗಳು ಸಿಕ್ಕಿದ್ದು 1987ರಲ್ಲಿ. ಎರಡು ಸಾವಿರ ವರ್ಷದ ಹಿಂದೆ ಮೆಣಸಿಗೂ ರತ್ನದ ಕಲ್ಲುಗಳಿಗೂ ಬದಲಾಗಿ ತಮಿಳು ನಾಡಿಗೆ ಹರಿದು ಬಂದ ಹಣ ಅದು. ಅದಾದ ಮರುವರ್ಷ ಇರಬೇಕು, ಅಂಗಡಿ ಆಗತಾನೇ ನನ್ನ ಕೈಗೆ ಬಂದಿತ್ತು. ಒಂದು ಸಂಜೆ ಬಾವಿ ತೋಡುವ ಒಬ್ಬಾತ ಪಂಚೆಯಲ್ಲಿ ಸುತ್ತಿದ ಗಡಿಗೆ ತಂದು, ತೂಕಕ್ಕೆ ಎಷ್ಟು ಕೊಡುತ್ತೀರಿ ಎಂದು ಮೆಲ್ಲಗೆ ಕೇಳಿದ. ಒಳಗೆ ಬೆಳ್ಳಿಯ ಸಣ್ಣ ಸಣ್ಣ ನಾಣ್ಯಗಳು. ಎಲ್ಲಿಯದೆಂದು ನಾನು ಕೇಳಲಿಲ್ಲ. ಅವನು ಹೆದರಿದ್ದಾನೆಂದು ತಿಳಿದೇ ಪೇಟೆ ಧಾರಣೆಗಿಂತ ಕಡಿಮೆಗೆ ಕೊಂಡೆ. ಅದೇ ರಾತ್ರಿ ಮೂಸೆಗೆ ಹಾಕಿಸಿದೆ. ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ. ಮನಸ್ಸಿನ ಸಮಾಧಾನಕ್ಕೆಂದು ಆ ಬೆಳ್ಳಿಯಲ್ಲೇ ಒಂದು ಕಲಶ ಮಾಡಿಸಿ ಬಸದಿಗೆ ಕೊಟ್ಟೆ. ಎಲ್ಲರೂ ಹೊಗಳಿದರು.

ಅವು ಯಾವ ರಾಜನ ನಾಣ್ಯಗಳು? ಎಷ್ಟು ಹಳೆಯವು? ನನಗೆ ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಅವನು, "ತಾತ, ನೀವು ಕದಿಯಲಿಲ್ಲವಲ್ಲ, ದುಡ್ಡು ಕೊಟ್ಟಿರಲ್ಲ" ಎಂದ. ವ್ಯಾಪಾರಿಗಳಾದ ನಮಗೆ ಸುಲಭವಾಗಿ ಹೊಳೆಯುವ ಸಮಾಧಾನ ಇದು. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ತೂಕ ಅಳತೆಯಲ್ಲಿ ಮೋಸ, ಕಲಬೆರಕೆ. ಐದೂ ಅಂಗಡಿಯೊಳಗಿನ ಮಾತುಗಳೇ. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಪ್ರಕಾರ, ಇನ್ನೊಬ್ಬರು ಇಟ್ಟದ್ದು, ಬೀಳಿಸಿಕೊಂಡದ್ದು, ಮರೆತದ್ದು ಕೂಡ ಕೊಡದೆ ತೆಗೆದುಕೊಳ್ಳಬಾರದ ವಸ್ತುವೇ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇನ್ನೂ ಬಿಡಿಸಿ ಹೇಳುತ್ತಾರೆ: ಒಡೆಯನಿಲ್ಲವೆಂದು ನಿಧಿಯನ್ನು ಎತ್ತಿಕೊಳ್ಳಬಾರದು, ಅದಕ್ಕೆ ವಾರಸುದಾರ ರಾಜ.

ಇಂದಿನ ಕಾನೂನಿನ ದಾರಿಯೂ ಅದೇ. 1878ರ ನಿಧಿ ಕಾಯ್ದೆಯ ಪ್ರಕಾರ, ನೆಲದಲ್ಲಿ ಅಡಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕಿದರೆ, ಏನು ಸಿಕ್ಕಿತು, ಎಲ್ಲಿ, ಯಾವ ದಿನ ಎಂದು ಕಲೆಕ್ಟರ್ ಅವರಿಗೆ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸಜೆ, ದಂಡ, ಇಲ್ಲವೇ ಎರಡೂ ಆಗಬಹುದು; ಸಿಕ್ಕವನ ಪಾಲೂ ಹೋಗುತ್ತದೆ. ತಿಳಿಸಿದವನಿಗೆ ಕಾನೂನು ಅನ್ಯಾಯ ಮಾಡುವುದಿಲ್ಲ. ವಾರಸುದಾರರಿಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸಿಕ್ಕವನಿಗೆ ಮುಕ್ಕಾಲು, ಜಾಗದ ಒಡೆಯನಿಗೆ ಕಾಲು ಪಾಲು. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಭಾಗ ಸೇರಿಸಿ ಕೊಡುತ್ತದೆ. ನೂರು ವರ್ಷ ಮೀರಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದೂ ಅಪರಾಧ.

ಒಂಟಿ ತಾಮ್ರದ ಕಾಸು ನಿಧಿ ಎನಿಸುತ್ತದೋ ಇಲ್ಲವೋ, ಆ ತೀರ್ಮಾನ ನಮ್ಮದಲ್ಲ. ಮೊಮ್ಮಗನ ಕೈಯಿಂದಲೇ ಅರ್ಜಿ ಬರೆಸಿ, ಕಾಸಿನೊಡನೆ ಒಪ್ಪಿಸಿ, ಮೊಹರು ಹಾಕಿದ ರಸೀದಿ ತಂದೆವು. ಹುಡುಗನ ಮುಖ ಬಾಡಿತ್ತು. ಯಂತ್ರವನ್ನು ಅವನೇ ಪೆಟ್ಟಿಗೆಗೆ ಹಾಕಿಟ್ಟ.

ಆ ಸಂಜೆ ಅವನಿಗೆ ನಮ್ಮ ಊರಿನ ಇನ್ನೊಂದು ಸಂಗತಿ ಹೇಳಿದೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಶಕವರ್ಷ 815ರಲ್ಲಿ, ಅಂದರೆ ಕ್ರಿ.ಶ. 893ರಲ್ಲಿ, ನೊಳಂಬ ಮಹೇಂದ್ರ ರಾಜನ ಕಾಲದಲ್ಲಿ, ಇಲ್ಲಿ ಇಬ್ಬರು ವರ್ತಕರು ಒಂದು ಬಸದಿ ಕಟ್ಟಿಸಿದರು. ಅವರ ಹೆಸರು ನಿಧಿಯಣ್ಣ ಮತ್ತು ಚಂಡಿಯಣ್ಣ. ರಾಜ ಕೊಟ್ಟ ಮೂಲಪಳ್ಳಿ ಎಂಬ ಹಳ್ಳಿಯನ್ನು ನಿಧಿಯಣ್ಣ ತಾನಿಟ್ಟುಕೊಳ್ಳದೆ, ಬಸದಿಯ ಜೀರ್ಣೋದ್ಧಾರಕ್ಕೂ ಪೂಜೆಗೂ ಆಗಲೆಂದು ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದ. ಇದೆಲ್ಲ ಕಂಬದ ಮೇಲಿನ ಕನ್ನಡ ಶಾಸನದಲ್ಲಿದೆ. ಅವನ ಅಂಗಡಿ, ಗಲ್ಲಾ, ಲಾಭ ಯಾವುದೂ ಉಳಿಯಲಿಲ್ಲ. ಕೊಟ್ಟದ್ದರ ಲೆಕ್ಕ ಮಾತ್ರ ಸಾವಿರದ ನೂರು ವರ್ಷ ಮೀರಿ ಉಳಿದಿದೆ. ನಾನು ಕರಗಿಸಿದ ಗಡಿಗೆಯಲ್ಲಿಯೂ ಅಂಥ ಒಬ್ಬನ ಸುದ್ದಿ ಇತ್ತೇನೋ.

ಬಂಧುಗಳೇ, ನಮ್ಮಲ್ಲಿ ಬೆಳ್ಳಿ, ಬಂಗಾರ, ಪಾತ್ರೆ, ಗಿರವಿ ವ್ಯಾಪಾರದವರು ಬಹಳ. ಮಣ್ಣು ಅಂಟಿದ ನಾಣ್ಯ ಯಾರಾದರೂ ತಂದರೆ ತಕ್ಕಡಿಗೆ ಕೈ ಹಾಕಬೇಡಿ. ತಂದವನನ್ನು ಹೆದರಿಸಲೂ ಬೇಡಿ. ಅವನಿಗೂ ಕಾನೂನಿನಲ್ಲಿ ಪಾಲಿದೆ ಎಂದು ತಿಳಿಸಿ, ಅರ್ಜಿ ಬರೆದುಕೊಡಿ. ಪರರ ಸೊತ್ತು ಪಾಷಾಣವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಾನು ಕೊಟ್ಟ ಕಲಶ ಇಂದಿಗೂ ಬಸದಿಯಲ್ಲಿದೆ. ಅಭಿಷೇಕದ ಹೊತ್ತಿಗೆ ಅದನ್ನು ಕಂಡಾಗಲೆಲ್ಲ ತಲೆ ತಗ್ಗಿಸುತ್ತೇನೆ. ಭಕ್ತಿಯೆಂದು ನೀವು ತಿಳಿದಿದ್ದರೆ, ಅದು ಹಾಗಲ್ಲ ಎಂದು ಹೇಳಲಿಕ್ಕೇ ಈ ತಿಂಗಳು ಇಷ್ಟು ಬರೆದೆ.

ಜೈ ಜಿನೇಂದ್ರ.