ಕೊನೆಯ ಬೆಲ್ ಹೊಡೆದ ಮೇಲೆ

ಪ್ರತಿಭಾ ಕಾರಂಜಿ, ಇಕೋ ಕ್ಲಬ್, ವಿಶೇಷ ತರಗತಿ, ಪಂಚಾಯಿತಿ ಗ್ರಂಥಾಲಯ. ಪ್ರೌಢಶಾಲೆಯ ಮಕ್ಕಳನ್ನು ಬೆಳೆಸಲು ಸರ್ಕಾರದ ಬಳಿ ಹೆಸರುಗಳಿಗೆ ಬರವಿಲ್ಲ. ಆದರೆ ತಾಲೀಮು, ಓದು, ಹೆಚ್ಚಿನ ಪಾಠ ಎಲ್ಲವೂ ಕೊನೆಯ ಬೆಲ್ ಹೊಡೆದ ಮೇಲೆ. ಅಷ್ಟೊತ್ತಿಗೆ ನಮ್ಮ ದೇವಸಮುದ್ರ ಹೋಬಳಿಯ ದೂರದ ಹಳ್ಳಿಯ ಹುಡುಗಿ ಬಸ್ ತಪ್ಪೀತೆಂದು ಬ್ಯಾಗ್ ಹೆಗಲಿಗೇರಿಸಿ ಹೊರಟಿರುತ್ತಾಳೆ. ನಾಟಕಕ್ಕೆ ಉಳಿಯುವವರು ಶಾಲೆ ಇರುವ ಊರಿನವರೇ. ಯಾರಲ್ಲಿ ಪ್ರತಿಭೆ ಇದೆಯೆಂದು ತೀರ್ಮಾನಿಸುವುದು ಬಸ್ಸಿನ ವೇಳಾಪಟ್ಟಿ.

ನನ್ನನ್ನು ಕೇಳಿದರೆ, ಈ ರಾಜ್ಯ ಹದಿಹರೆಯದವರಿಗೆ ಮಾಡಿದ ಅತ್ಯುತ್ತಮ ಕಾರ್ಯಕ್ರಮ ಸೈಕಲ್. 2006-07ರಲ್ಲಿ ಶುರುವಾಗಿ ಎಂಟನೇ ತರಗತಿಯವರ ಕೈಗೆ ಬಂದದ್ದು, 2020ರ ಕೋವಿಡ್ ಕಾಲದಲ್ಲಿ ನಿಂತಿತು. ಕೋವಿಡ್ ಹೋದ ಮೇಲೂ ವರ್ಷಗಟ್ಟಲೆ ಮರಳಲಿಲ್ಲ.

ಕಳಪೆ ಸೈಕಲ್ ಎನ್ನುತ್ತಾರೆ. ನಿಜ, ಕೊಟ್ಟ ದಿನವೇ ನಟ್ಟು ಬೋಲ್ಟು ಬಿಗಿ ಮಾಡಿಸಬೇಕಿತ್ತು. ಹಾಗಿದ್ದರೆ ಟೆಂಡರ್ ಸರಿಪಡಿಸಿ. ಸೂರು ಸೋರಿದರೆ ಶಾಲೆಯನ್ನೇ ಮುಚ್ಚುತ್ತೀರಾ? (ಮುಚ್ಚುತ್ತಾರೆ, ಅದು ಬೇರೆ ಮಾತು.)

ಶಕ್ತಿ ಯೋಜನೆ ಇದೆಯಲ್ಲ ಎನ್ನುವವರೂ ಇದ್ದಾರೆ. 2023ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಒಳ್ಳೆಯದೇ. ಗಂಡುಹುಡುಗರಿಗೆ ಅದೂ ಇಲ್ಲ. ಬಾರದ ಬಸ್ಸು ಪುಕ್ಕಟೆಯಾದರೇನು? ಸೈಕಲ್ ಇದ್ದವಳು ಹೊರಡುವ ಹೊತ್ತನ್ನು ತಾನೇ ನಿರ್ಧರಿಸುತ್ತಿದ್ದಳು. ಗ್ರಂಥಾಲಯದಲ್ಲಿ ಕೂತು ಕಥೆ ಮುಗಿಸಿ, ಗೆಳತಿಯೊಡನೆ ಹರಟುತ್ತ ಮನೆ ಸೇರುತ್ತಿದ್ದಳು. ಇನ್ನು ಓದು ಸಾಕು ಎಂದು ಅಪ್ಪ ಅಂದಾಗ ಅಂಗಳದ ಸೈಕಲ್ಲೇ ಅವಳ ಪರ ವಾದಿಸುತ್ತಿತ್ತು.

ಮುಂದಿನ ಕಾರಂಜಿಗೆ ಶಾಮಿಯಾನ, ಹಾರ, ಫ್ಲೆಕ್ಸಿನ ಬಿಲ್ಲು ಬರೆಯುವವರು, ತಾಲೀಮು ಬಿಟ್ಟು ಬಸ್ಸಿಗೆ ಓಡಿದ ಮಕ್ಕಳೆಷ್ಟು ಎಂದೂ ಬರೆದಿಡಲಿ.