ಮನೆಯಂಗಳ: ಮಕ್ಕಳ ಕೈಯ ಉಂಡಿ, ಭೂಮಿತಾಯಿಗೆ ಚರಗ



ಅಕ್ಕಲಕೋಟ ತಾಲೂಕಿನಲ್ಲಿ ಹುಟ್ಟಿ ಬೆಳೆದು, ಈಗ ಸಂಸಾರಸಹಿತ ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಗಳೊಬ್ಬಳು ಕಳೆದ ತಿಂಗಳ ಕೊನೆಯಲ್ಲಿ ನಮಗೆ ಬರೆದಿದ್ದಳು. ಅಲ್ಲಿ ನವೆಂಬರ ತಿಂಗಳ ನಾಲ್ಕನೆಯ ಗುರುವಾರ 'ಥ್ಯಾಂಕ್ಸ್‌ಗಿವಿಂಗ್' ಎಂಬ ಹಬ್ಬ, ಅಂದರೆ ಕೃತಜ್ಞತೆಯ ದಿನ. ಅಂದು ಬೇಯಿಸುವ ಸುಡುವ ಕೆಲಸವೆಲ್ಲ ದೊಡ್ಡವರದು. ಮಕ್ಕಳ ಪಾಲಿಗೆ ಒಲೆಯ ಹಂಗಿಲ್ಲದ ತಿನಿಸುಗಳು. ಓಟ್ಸ್, ಶೇಂಗಾ ಬೆಣ್ಣೆ, ಜೇನು ಇವನ್ನು ಕಲಸಿ ಅವಳ ಆರು ವರ್ಷದ ಮಗ ತಾನೇ ಉಂಡಿ ಕಟ್ಟಿದನಂತೆ. ಕಟ್ಟುತ್ತ ಕಟ್ಟುತ್ತ, "ನಿಮ್ಮ ಊರಾಗ ಇಂಥಾ ಹಬ್ಬ ಇಲ್ಲೇನು?" ಎಂದು ಕೇಳಿದನಂತೆ. "ಏನು ಹೇಳಲಿ, ಕಾಕೂ?" ಎಂಬುದು ಅವಳ ಪ್ರಶ್ನೆ.

ಪ್ರಶ್ನೆ ಚಿಕ್ಕದಾದರೂ ಉತ್ತರ ನಮ್ಮ ಹೊಲದಲ್ಲಿಯೇ ಇದೆ. ಆ ನಾಡಿನವರು 1621ರಲ್ಲಿ ಪ್ಲಿಮತ್ ಎಂಬಲ್ಲಿ ವಲಸೆಗಾರರೂ ಮೂಲನಿವಾಸಿಗಳೂ ಸುಗ್ಗಿಯ ಬಳಿಕ ಒಟ್ಟಾಗಿ ಉಂಡದ್ದನ್ನು ನೆನೆಯುತ್ತಾರೆ. 1863ರಲ್ಲಿ ಅಧ್ಯಕ್ಷ ಲಿಂಕನ್ ಅವರು ಅದನ್ನು ದೇಶದ ಹಬ್ಬವಾಗಿ ಸಾರಿದರು. ನಮ್ಮ ಎಳ್ಳಮಾವಾಸ್ಯೆಯನ್ನು ಯಾವ ಅಧ್ಯಕ್ಷರೂ ಸಾರಿದವರಲ್ಲ. ಮಾರ್ಗಶಿರ ಮಾಸದ ಅಮಾವಾಸ್ಯೆ ಬಂತೆಂದರೆ ವಿಜಯಪುರ, ಕಲಬುರಗಿ, ಬೀದರಗಳಲ್ಲಿಯೂ, ಗಡಿಯ ಈಚೆಗೆ ಸೋಲಾಪುರ, ಲಾತೂರ, ಧಾರಾಶಿವಗಳ ಕಡೆಗೂ ಒಕ್ಕಲಿಗರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತಾರೆ. ಮರಾಠಿಯಲ್ಲಿ ಅದು ವೇಳ ಅಮಾವಾಸ್ಯೆ. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಎಳೆದವರು ಈ ಹಬ್ಬದ ಮೇಲೆ ಗೆರೆ ಎಳೆಯಲಾಗಲಿಲ್ಲ.

ಆದರೆ ಈ ಹಬ್ಬದಲ್ಲಿ ನಮ್ಮ ಮಕ್ಕಳ ಪಾಲು ಏನು? ಪ್ರಾಮಾಣಿಕವಾಗಿ ನೋಡಿದರೆ, ಮೋಟಾರು ಸೈಕಲ್ಲಿನ ಮುಂದೆ ಕುಳಿತು ಹೊಲಕ್ಕೆ ಹೋಗುವುದು, ಉಣ್ಣುವುದು, ಮರಳುವುದು, ಇಷ್ಟೇ. "ಒಲಿ ಹತ್ರ ಬರಬ್ಯಾಡ", "ಎಳ್ಳು ಚೆಲ್ಲಬ್ಯಾಡ", "ಅಭ್ಯಾಸ ಮಾಡು ಹೋಗು" ಎಂದು ನಾವೇ ಅವರನ್ನು ಅಡಿಗೆಮನೆಯಿಂದ ಆಚೆಗೆ ಅಟ್ಟುತ್ತೇವೆ. ಹಾಗೆ ಅಟ್ಟಿದಾಗ ಹಬ್ಬದ ಜೊತೆಗೆ ಇನ್ನೇನು ಅವರ ಕೈತಪ್ಪಿ ಹೋಗುತ್ತದೆಂಬುದನ್ನು ನಾವು ಮೂರು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೇ ಕಂಡೆವು.

ನಮ್ಮ ಕಡೆ ಅಜ್ಜಿಗೆ 'ಆಯಿ' ಎನ್ನುತ್ತಾರೆ, ತಾಯಿಗೆ 'ಅವ್ವ'. ಮರಾಠಿಯಲ್ಲಿ 'ಆಯಿ' ಎಂದರೆ ತಾಯಿ. ಮರಾಠಿ ಶಾಲೆಗೆ ಹೋಗುವ ನಮ್ಮ ಮೊಮ್ಮಗಳು ಒಂದು ಸಂಜೆ ಬಾಗಿಲಲ್ಲಿ ನಿಂತು, "ಆಯೀ, ಹಸಿವ್ಯಾಗ್ಯದ" ಎಂದಳು. ಜಪಕ್ಕೆ ಕುಳಿತಿದ್ದ ಹಿರಿಯ ಜೀವ ಎದ್ದು, "ಬಂದೆ ನನ್ನವ್ವಾ" ಎಂದು ಬಂದರೆ, ಮಗು, "ನಿನಗಲ್ಲ, ನಮ್ಮ ಆಯಿಗೆ ಕರದೀನಿ" ಎಂದು ತಾಯಿಯ ಕಡೆಗೆ ಬೆರಳು ತೋರಿತು. ಮಗುವಿನ ತಪ್ಪಲ್ಲ, ಶಾಲೆಯ ತಪ್ಪೂ ಅಲ್ಲ. ಮರಾಠಿ ನಮಗೆ ಪರಕೀಯ ನುಡಿಯೂ ಅಲ್ಲ. ಆದರೂ ಆ ಮುದುಕಿ ಮತ್ತೆ ಹೋಗಿ ಕುಳಿತ ರೀತಿಯನ್ನು ನಾವು ಮರೆತಿಲ್ಲ. ಒಂದೇ ಮನೆಯಲ್ಲಿ ಅವಳ ಹೆಸರು ಅವಳ ಕೈಬಿಟ್ಟು ಹೋಗಿತ್ತು.

ಆ ವರ್ಷದ ಎಳ್ಳಮಾವಾಸ್ಯೆಯ ಉಂಡಿಗಳನ್ನು ಆಯಿಯ ಮೇಲ್ವಿಚಾರಣೆಯಲ್ಲಿ ಮಕ್ಕಳೇ ಮಾಡಬೇಕೆಂದು ನಾವು ನಿಶ್ಚಯಿಸಿದೆವು. ನಿಯಮ ಒಂದೇ: ಬೆಂಕಿಯ ಕೆಲಸ ದೊಡ್ಡವರು ಹಿಂದಿನ ರಾತ್ರಿಯೇ ಮುಗಿಸಿಡಬೇಕು, ಮರುದಿನದ ಕೈಕೆಲಸವೆಲ್ಲ ಮಕ್ಕಳದು. ಪಾಕ ಹಿಡಿಯುವ ಉಂಡಿಗಳು ಬೇಡ, ಕುದಿಯುವ ಬೆಲ್ಲ ಮಕ್ಕಳ ಕೈಗೆ ಅಪಾಯ. ಕುಟ್ಟಿ ಕಟ್ಟುವ ಉಂಡಿಗಳೇ ಸಾಕು. ನಾವು ಮಾಡಿ ನೋಡಿದ ಮೂರನ್ನು ಕೆಳಗೆ ಕೊಟ್ಟಿದ್ದೇವೆ.

ಎಳ್ಳುಂಡಿ

ಎಳ್ಳು 250 ಗ್ರಾಂ, ಬೆಲ್ಲ 200 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ 100 ಗ್ರಾಂ, ಒಣಕೊಬ್ಬರಿ 50 ಗ್ರಾಂ, ಯಾಲಕ್ಕಿ ನಾಲ್ಕೈದು. ಇಷ್ಟರಲ್ಲಿ ನಿಂಬೆಹಣ್ಣಿಗಿಂತ ತುಸು ಚಿಕ್ಕದಾದ ಸುಮಾರು 24 ಉಂಡಿಗಳಾಗುತ್ತವೆ.

ಎಳ್ಳನ್ನು ದೊಡ್ಡವರು ಸಣ್ಣ ಉರಿಯಲ್ಲಿ ಹುರಿಯಬೇಕು. ಕಾಳು ಚಟಪಟ ಸಿಡಿಯತೊಡಗಿ ಘಮ ಬಂದೊಡನೆ ಇಳಿಸಬೇಕು, ಕೆಂಪೇರಿದರೆ ಕಹಿಯಾಗುತ್ತದೆ. ಮರುದಿನ ಮಕ್ಕಳು ಬೆಲ್ಲವನ್ನು ಜಜ್ಜಿ ಪುಡಿ ಮಾಡಲಿ, ಕೊಬ್ಬರಿ ತುರಿಯಲಿ. ತುರಿಯುವಾಗ ಕೊನೆಯ ತುಂಡನ್ನು ನೀವು ತೆಗೆದುಕೊಳ್ಳಿ, ಬೆರಳು ಗೀರುವುದು ಅಲ್ಲಿಯೇ. ಬಳಿಕ ಎಳ್ಳನ್ನೂ ಶೇಂಗಾವನ್ನೂ ಒಳಕಲ್ಲಿಗೆ ಹಾಕಿ ಸರದಿಯಂತೆ ಕುಟ್ಟಬೇಕು. ಅರ್ಧ ನುರಿದಾಗ ಬೆಲ್ಲ, ಯಾಲಕ್ಕಿ ಪುಡಿ ಸೇರಿಸಿ ಮತ್ತೆ ಕುಟ್ಟಬೇಕು. ಎಳ್ಳು ತನ್ನ ಎಣ್ಣೆಯನ್ನು ಬಿಡುತ್ತದೆ, ಆ ಎಣ್ಣೆಯೂ ಬೆಲ್ಲದ ಪಸೆಯೂ ಸೇರಿ ಹಿಟ್ಟು ಮುಷ್ಟಿಯಲ್ಲಿ ಅಂಟಿ ನಿಲ್ಲುತ್ತದೆ. ಕೊನೆಗೆ ಕೊಬ್ಬರಿ ಬೆರೆಸಿ ಉಂಡಿ ಕಟ್ಟುವುದು. ಹಿಟ್ಟು ಒಡೆದು ಬೀಳುತ್ತಿದ್ದರೆ ಒಂದು ಚಮಚ ತುಪ್ಪ ಸಾಕು. ಹಾಲು ಹಾಕಬೇಡಿ, ಉಂಡಿ ಬೇಗ ಕೆಡುತ್ತದೆ.

ಒಳಕಲ್ಲು ಇಲ್ಲದ ಮನೆಗಳಲ್ಲಿ ಮಿಕ್ಸರ್ ಬಳಸಬಹುದು, ಆದರೆ ಅದರ ಗುಂಡಿ ದೊಡ್ಡವರ ಕೈಯಲ್ಲಿಯೇ ಇರಲಿ. ಕ್ಷಣ ತಿರುಗಿಸಿ, ನಿಲ್ಲಿಸಿ, ಮತ್ತೆ ಕ್ಷಣ ತಿರುಗಿಸಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಮೊದಲ ವರ್ಷ ಒಳಕಲ್ಲಿನ ಸರದಿ ಸಾಕಾಗಿ ಎರಡನೆಯ ಪಾಲನ್ನು ನಾವೇ ಮಿಕ್ಸರಿಗೆ ಹಾಕಿ, ಮಾತಿನ ಭರದಲ್ಲಿ ನಿಲ್ಲಿಸುವುದನ್ನು ಮರೆತೆವು. ಮುಚ್ಚಳ ತೆಗೆದರೆ ಉಂಡಿಯ ಹಿಟ್ಟಿಲ್ಲ, ಎಣ್ಣೆ ತೇಲುವ ಎಳ್ಳಿನ ಗಂಜಿ! ಮಕ್ಕಳು ನಕ್ಕು ನೆಲಕ್ಕೆ ಬಿದ್ದರು. ಅದನ್ನು ಚೆಲ್ಲಲಿಲ್ಲ, ಸಜ್ಜಿ ರೊಟ್ಟಿಗೆ ಸವರಿ ಎರಡು ದಿನ ತಿಂದೆವು. ಈಗ ಮಕ್ಕಳು ಪ್ರತಿವರ್ಷವೂ "ಮುತ್ಯಾನ ಗಂಜಿ" ಮಾಡೆಂದು ಕಾಡುತ್ತಾರೆ.

ಶೇಂಗಾ ಉಂಡಿ

ಶೇಂಗಾ 250 ಗ್ರಾಂ, ಬೆಲ್ಲ 175 ಗ್ರಾಂ, ಯಾಲಕ್ಕಿ ಎರಡು. ಅಮೆರಿಕದ ಆ ಹುಡುಗನ ಉಂಡಿಗೂ ನಮ್ಮ ಉಂಡಿಗೂ ಇಲ್ಲಿ ನೆಂಟಸ್ತಿಕೆ ಇದೆ: ಶೇಂಗಾ ಮೂಲತಃ ದಕ್ಷಿಣ ಅಮೆರಿಕದ ಬೆಳೆ. ಸಮುದ್ರ ದಾಟಿ ಬಂದು ನಮ್ಮ ಚಟ್ನಿಪುಡಿಗೂ ಹೋಳಿಗೆಗೂ ಆಧಾರವಾಗಿದೆ.

ಹುರಿಯುವ ಮೊದಲು ಕಾಳನ್ನು ತಾಟಿನಲ್ಲಿ ಹರಡಿ ಮಕ್ಕಳಿಂದ ಆರಿಸಿರಿ. ಮುರುಟಿದ, ಕಪ್ಪಾದ, ಬೂಸು ಹಿಡಿದ ಕಾಳನ್ನು ನಿರ್ದಾಕ್ಷಿಣ್ಯವಾಗಿ ತೆಗೆಯಬೇಕು. ಅಂಥ ಬೂಸಿನಲ್ಲಿ ಯಕೃತ್ತಿಗೆ ಕೇಡಾದ ವಿಷವಿರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಹುರಿದು ಆರಿದ ಕಾಳನ್ನು ಅಂಗೈಗಳ ನಡುವೆ ತಿಕ್ಕಿ, ಮರದಲ್ಲಿ ಕೇರಿ ಸಿಪ್ಪೆ ಹಾರಿಸುವುದು ಮಕ್ಕಳಿಗೆ ಹಬ್ಬಕ್ಕಿಂತ ದೊಡ್ಡ ಹಬ್ಬ. ಅಂಗಳದಲ್ಲಿ ಮಾಡಿಸಿರಿ, ಮನೆಯೊಳಗೆ ಮಾಡಿಸಿದರೆ ಗುಡಿಸುವುದು ನಿಮ್ಮ ಪಾಲು. ಮುಂದೆ ಎಳ್ಳುಂಡಿಯಂತೆಯೇ ಕುಟ್ಟಿ ಕಟ್ಟುವುದು. ಇದು ಎಳ್ಳಿಗಿಂತ ಬೇಗ ಎಣ್ಣೆ ಬಿಡುತ್ತದೆ, ಆದ್ದರಿಂದ ತರಿತರಿಯಾಗಿದ್ದಾಗಲೇ ನಿಲ್ಲಿಸಬೇಕು.

ಪುಠಾಣಿ ಉಂಡಿ

ಇದು ತೀರ ಚಿಕ್ಕವರದು. ಪುಠಾಣಿ ಮೊದಲೇ ಹುರಿದ ಕಡಲೆಯಾದ್ದರಿಂದ ಬೆಂಕಿಯ ಕೆಲಸವೇ ಇಲ್ಲ. ಪುಠಾಣಿ ಹಿಟ್ಟು 200 ಗ್ರಾಂ, ಸಣ್ಣಗೆ ಪುಡಿ ಮಾಡಿದ ಬೆಲ್ಲ 150 ಗ್ರಾಂ, ತುಪ್ಪ 80ರಿಂದ 100 ಗ್ರಾಂ. ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗಿರುವುದರಿಂದ ಬಟ್ಟಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕರಗಿಸಿರಿ, ಇದನ್ನು ದೊಡ್ಡವರೇ ಮಾಡಬೇಕು. ಹಿಟ್ಟು, ಬೆಲ್ಲಗಳನ್ನು ಜರಡಿ ಹಿಡಿದು ಬೆರೆಸಿ, ತುಪ್ಪವನ್ನು ಚಮಚ ಚಮಚವಾಗಿ ಹಾಕುತ್ತ ಕಲಸುವುದು. ಮುಷ್ಟಿಯಲ್ಲಿ ಹಿಡಿದರೆ ಬೆರಳಚ್ಚು ಮೂಡಬೇಕು, ಅಲ್ಲಿಗೆ ಹದ. ನಾಲ್ಕು ವರ್ಷದ ಕೂಸು ಕಟ್ಟಿದ ಉಂಡಿ ಗುಂಡಗಿರುವುದಿಲ್ಲ. ಅದನ್ನು ತಿದ್ದಬೇಡಿ. ನಾವು ಒಮ್ಮೆ ತಿದ್ದಿದೆವು. "ಅದು ನಂದಲ್ಲ" ಎಂದು ಕೂಸು ಅಳಲಾರಂಭಿಸಿತು.

ಮೂರು ಬಗೆಯ ಉಂಡಿಗಳನ್ನೂ ಒಣಗಿದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಚಳಿಗಾಲದಲ್ಲಿ ಎರಡು ವಾರ ಕೆಡುವುದಿಲ್ಲ. ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಶೇಂಗಾಕಾಳು ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಂಡೀತು. ಎಳ್ಳು, ಶೇಂಗಾ ಕೆಲವು ಮಕ್ಕಳ ಮೈಗೆ ಒಗ್ಗುವುದಿಲ್ಲ. ನೆರೆಮನೆಯ ಮಕ್ಕಳನ್ನು ಕರೆದಿದ್ದರೆ ಅವರ ತಾಯಂದಿರನ್ನು ಮೊದಲೇ ಕೇಳಿರಿ.

ಈ ಕೆಲಸದ ನಡುವೆ ನಡೆದ ಇನ್ನೊಂದು ಸಂಗತಿಯನ್ನು ಹೇಳಬೇಕು. ಆಯಿ ಯಾರಿಗೂ ಕನ್ನಡದ ಪಾಠ ಹೇಳಲಿಲ್ಲ. "ಜಜ್ಜು" ಎಂದಳು, ಮೊಮ್ಮಗಳು ಕುಟ್ಟಿದಳು. "ಕುಟ್ಟೂದು ಬ್ಯಾರೆ, ಜಜ್ಜೂದು ಬ್ಯಾರೆ" ಎಂದು ಕೈಹಿಡಿದು ತೋರಿಸಿದಳು. ಆರಿಸು, ತಿಕ್ಕು, ಕೇರು, ತುರಿ, ಕಲಸು, ಕಟ್ಟು. ಒಂದು ಮುಂಜಾನೆಯಲ್ಲಿ ಇಷ್ಟು ಮಾತುಗಳು ಮಗುವಿನ ಬೆರಳ ತುದಿಯಿಂದ ಬಾಯಿಗೆ ಏರಿದವು. ಪುಸ್ತಕದಿಂದ ಕಲಿತ ಮಾತು ಪರೀಕ್ಷೆಯ ನಂತರ ಮರೆಯಬಹುದು, ಕೈಯಿಂದ ಕಲಿತದ್ದು ಹಾಗೆ ಹೋಗುವುದಿಲ್ಲ. ನಮ್ಮ ಗಡಿಯ ಮನೆಗಳಲ್ಲಿ ಕನ್ನಡವನ್ನು ಉಳಿಸುವ ಬಗೆಯನ್ನು ಕುರಿತು ಸಭೆಗಳಲ್ಲಿ ನಾವು ಬಹಳ ಮಾತನಾಡಿದ್ದೇವೆ. ಒಳಕಲ್ಲಿನ ಬಳಿ ಮಕ್ಕಳನ್ನು ಕುಳ್ಳಿರಿಸುವುದು ಮಾತ್ರ ನಮಗೆ ಹೊಳೆದಿರಲಿಲ್ಲ.

ಇನ್ನು ಅಮಾವಾಸ್ಯೆಯ ದಿನದ ಮಾತು. ಸಜ್ಜಿ ರೊಟ್ಟಿ, ಜೋಳದ ಕಡಬು, ಪುಂಡಿಪಲ್ಯ, ಎಣಗಾಯಿ, ಹೋಳಿಗೆಗಳ ಬುತ್ತಿಯ ಜೊತೆಗೆ ಮಕ್ಕಳ ಡಬ್ಬಿಯೂ ಹೊಲಕ್ಕೆ ಹೋಗಲಿ. ಆ ಹೊತ್ತಿಗೆ ಹಿಂಗಾರಿ ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಕಾಯಿಗಟ್ಟುತ್ತಿರುತ್ತದೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬಳಿಕ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಬೆಳೆ ಹೊತ್ತ ಭೂಮಿ ಬಸುರಿ, ಅವಳ ಬಯಕೆ ತೀರಿಸದೆ ನಾವು ಉಣ್ಣಬಾರದೆಂಬುದು ಹಿರಿಯರ ಭಾವನೆ. ಚರಗ ಚೆಲ್ಲುವ ಬುಟ್ಟಿಯನ್ನು ಒಂದು ಸುತ್ತಿಗಾದರೂ ಮಕ್ಕಳ ಕೈಗೆ ಕೊಡಿರಿ, ಅವರು ಕಟ್ಟಿದ ಉಂಡಿಯೊಂದನ್ನು ಪುಡಿ ಮಾಡಿ ಅದರಲ್ಲಿ ಸೇರಿಸಿರಿ. ಹೊಲ ಮಾರಿ ಪೇಟೆ ಸೇರಿದವರು ನೆಂಟರ ಹೊಲಕ್ಕೆ ಹೋಗಬಹುದು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬಂದವರನ್ನು ನಮ್ಮ ಸೀಮೆಯಲ್ಲಿ ಉಣ್ಣಿಸದೆ ಕಳಿಸಿದ್ದನ್ನು ನಾವು ಕಂಡಿಲ್ಲ.

ಭೂಮಿತಾಯಿಯ ನಂತರದ ಉಂಡಿ ಯಾರಿಗೆ? ಮನೆಯವರಿಗಲ್ಲ. ಕಳೆ ತೆಗೆದ, ಕೊಯ್ಲು ಮಾಡಿದ ಹೆಣ್ಣಾಳುಗಳಿಗೆ, ರಾತ್ರಿ ಹೊಲ ಕಾಯ್ದವನಿಗೆ. ಕೊಡುವುದು ಮಗುವೇ ಆಗಿರಲಿ. ನಮ್ಮ ಮೊಮ್ಮಗಳು ಡಬ್ಬಿ ಹಿಡಿದು ಹೋಗಿ, ಏನು ಹೇಳಬೇಕೆಂದು ತಿಳಿಯದೆ ನಿಂತಾಗ, ಆ ಹೆಣ್ಣುಮಗಳೇ, "ನೀ ಕಟ್ಟೀಯೇನವ್ವಾ? ನಾ ಕೊಯ್ದ ಎಳ್ಳು ಇವು" ಎಂದಳು. ಮಗು ಉಂಡಿಯನ್ನೂ ಅವಳ ಕೈಗಳನ್ನೂ ಬಹಳ ಹೊತ್ತು ನೋಡಿತು. ಕೃತಜ್ಞತೆ ಎಂಬ ದೊಡ್ಡ ಮಾತನ್ನು ನಾವು ಆ ದಿನ ಬಳಸಲಿಲ್ಲ, ಬಳಸುವ ಅಗತ್ಯ ಬೀಳಲಿಲ್ಲ.

ಅಮೆರಿಕದ ನಮ್ಮ ಮಗಳಿಗೆ ಹೀಗೆ ಉತ್ತರ ಬರೆದಿದ್ದೇವೆ: "ನಮ್ಮ ಊರಲ್ಲಿಯೂ ಇಂಥ ಹಬ್ಬವಿದೆ. ಅಲ್ಲಿ ಎಳ್ಳು, ಬೆಲ್ಲ ಸಿಕ್ಕರೆ ಮಗನ ಕೈಯಿಂದ ಕುಟ್ಟಿಸು. ಮೊದಲ ಉಂಡಿಯನ್ನು ಮನೆಯ ಮುಂದಿನ ಮಣ್ಣಿಗೆ ಹಾಕಿಸು. ಹಾಕುವಾಗ ಅದಕ್ಕೆ ಚರಗ ಎನ್ನುತ್ತಾರೆಂದು ಕನ್ನಡದಲ್ಲಿಯೇ ಹೇಳು."

ನಮ್ಮ ಮೊಮ್ಮಗಳು ಇಂದಿಗೂ ಒಮ್ಮೊಮ್ಮೆ ತಾಯಿಯನ್ನು ಆಯಿ ಎಂದೇ ಕರೆಯುತ್ತಾಳೆ. ನಾವು ತಿದ್ದುವುದಿಲ್ಲ. ಆದರೆ ಒಳಕಲ್ಲು ತೊಳೆದಿಟ್ಟ ದಿನ ಆಯಿ ಎಂದರೆ ಅಜ್ಜಿಯೇ. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ.

ಜತ್ತ, ಮಂಗಳವೇಢೆ, ಆದವಾನಿ, ರಾಯದುರ್ಗಗಳ ವಾಚಕಿಯರು ತಮ್ಮ ಮನೆಗಳಲ್ಲಿ ಒಲೆ ಹಚ್ಚದೆ ಮಕ್ಕಳು ಮಾಡಬಲ್ಲ ತಿನಿಸುಗಳಿದ್ದರೆ ನಮಗೆ ಬರೆಯಬೇಕಾಗಿ ವಿನಂತಿ. ಅಳತೆಯ ಜೊತೆಗೆ, ನಿಮ್ಮ ಆಯಿ ಅದಕ್ಕೆ ಬಳಸುವ ಹೆಸರನ್ನೂ ತಪ್ಪದೆ ಬರೆಯಿರಿ. ಮುಂದೆ ಸಂಕ್ರಾಂತಿ ಬರುತ್ತದೆ, ಸೊನ್ನಲಿಗೆಯ ಸಿದ್ಧರಾಮನ ಜಾತ್ರೆ ಬರುತ್ತದೆ. ಎಳ್ಳಿನ ಡಬ್ಬಿಯನ್ನು ಇಷ್ಟಕ್ಕೇ ಎತ್ತಿಡಬೇಡಿರಿ.